ಅಜ್ಜಿಗೆ ಎಪ್ಪತ್ತೆರಡು: ಫ್ರೆಂಚಿನಲ್ಲಿ ಒಬ್ಬರನ್ನು ಪರಿಚಯಿಸುವ ಬಗೆ

ಫ್ರೆಂಚ್ ಕಲಿಯಲು ಬಂದವರಿಗೆ ಮೂರನೆಯ ವಾರ ನಾನು ಕೊಡುವ ಮನೆಗೆಲಸ ಪ್ರತಿ ವರ್ಷವೂ ಒಂದೇ. ನಿಮ್ಮ ಮನೆಯ ಒಬ್ಬರನ್ನು ಆರು ವಾಕ್ಯಗಳಲ್ಲಿ ಪರಿಚಯ ಮಾಡಿಕೊಡಿ. ಹೆಚ್ಚಿನವರು ಅಜ್ಜಿಯನ್ನೇ ಆರಿಸಿಕೊಳ್ಳುತ್ತಾರೆ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, ‘ಎಲ್ ಎ ಸ್ವಾಸಾಂತ್ ದೂಜ಼್’ ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ‘ಆಕೆಗೆ ಎಪ್ಪತ್ತೆರಡು’. ಬಾಯಿಂದ ಬಂದದ್ದು ‘ಆಕೆ ಎಪ್ಪತ್ತೆರಡು ಆಗಿದ್ದಾಳೆ’.

‘ಅದನ್ನೇ ಕನ್ನಡದಲ್ಲಿ ಹೇಳಮ್ಮ’ ಎಂದೆ.

‘ಅಜ್ಜಿಗೆ ಎಪ್ಪತ್ತೆರಡು ವರ್ಷ.’

‘ಅಜ್ಜಿಗೆ ಅಂದೆಯಲ್ಲ, ಆ ಗೆ ಎಲ್ಲಿ ಹೋಯಿತು?’

ಅದು ದಾರಿಯಲ್ಲಿ ಕಳೆದುಹೋಗಿತ್ತು. ಕನ್ನಡದಿಂದ ಹೊರಟವಳು ಇಂಗ್ಲಿಷಿನ ಮನೆಗೆ ಹೋಗಿ, ಅಲ್ಲಿಂದ ಫ್ರೆಂಚಿಗೆ ಬಂದಿದ್ದಳು. ವಯಸ್ಸನ್ನು ‘ಇರು’ ಎಂಬ ಕ್ರಿಯಾಪದದಿಂದ ಹೇಳುವುದು ಇಂಗ್ಲಿಷಿನ ಪದ್ಧತಿ. ಫ್ರೆಂಚಿನಲ್ಲಿ ವಯಸ್ಸು ಎಂದರೆ ಒಬ್ಬರ ಬಳಿ ಇರುವ ವಸ್ತು. ‘ಎಲ್ ಆ ಸ್ವಾಸಾಂತ್ ದೂಜ಼ಾಂ’, ಆಕೆಯ ಹತ್ತಿರ ಎಪ್ಪತ್ತೆರಡು ವರ್ಷಗಳಿವೆ. ನಮ್ಮ ‘ಅಜ್ಜಿಗೆ ಎಪ್ಪತ್ತೆರಡು’ ಇದಕ್ಕೆ ಎಷ್ಟು ಹತ್ತಿರ ನೋಡಿ. ಹುಡುಗಿ ನೇರವಾಗಿ ಬಂದಿದ್ದರೆ ತಪ್ಪುತ್ತಿರಲಿಲ್ಲ.

ಜನರನ್ನು ಬಣ್ಣಿಸುವ ವಿಷಯದಲ್ಲಿ ಹೊಸಬರಿಗೆ ನಾನು ಹೇಳುವ ಮುಖ್ಯ ಮಾತು ಇದು: ಇಂಗ್ಲಿಷನ್ನು ಸ್ವಲ್ಪ ಹೊತ್ತು ಬಾಗಿಲ ಹೊರಗೆ ನಿಲ್ಲಿಸಿ, ಕನ್ನಡದಿಂದಲೇ ಫ್ರೆಂಚಿಗೆ ನಡೆಯಿರಿ. ಎಲ್ಲ ಕಡೆಯೂ ಇದು ನಡೆಯುವುದಿಲ್ಲ, ಎಡವುವ ಜಾಗಗಳೂ ಇವೆ. ಅವನ್ನೂ ತೋರಿಸುತ್ತೇನೆ. ಆದರೆ ಕನ್ನಡ ಬಲ್ಲವರ ಕೈಯಲ್ಲಿ ಈ ಪಾಠಕ್ಕೆ ಬೇಕಾದ ಅರ್ಧ ಸಾಮಾನು ಆಗಲೇ ಇರುತ್ತದೆ.

ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಮೊದಲ ಮೆಟ್ಟಿಲಿನ ಹೆಸರು ಎ1. ತನಗೆ ಗೊತ್ತಿರುವ ಜನರನ್ನು ಸರಳ ವಾಕ್ಯಗಳಲ್ಲಿ ಬಣ್ಣಿಸಬಲ್ಲೆ ಎನ್ನುವುದು ಆ ಮೆಟ್ಟಿಲಿನ ಅಳತೆಗೋಲುಗಳಲ್ಲಿ ಒಂದು. ಹಾಗಾಗಿ ಇದನ್ನು ವ್ಯಾಕರಣದ ಒಂದು ಚಿಕ್ಕ ಪಾಠ ಎಂದುಕೊಳ್ಳಬೇಡಿ. ಫ್ರೆಂಚಿನಲ್ಲಿ ನೀವು ಮೊದಲು ಕಟ್ಟುವ ಮನೆಯೇ ಇದು.

ಶುರು ಮಾಡುವ ಮುನ್ನ ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಫ್ರೆಂಚ್ ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇನೆ, ಏಕೆಂದರೆ ಮೊದಲು ಪಳಗಬೇಕಾದದ್ದು ಕಿವಿ. ‘ಗ್ರಾಂ’, ‘ಬೋಂ’ ಎಂದು ಸೊನ್ನೆ ಇಟ್ಟಾಗ ಮಕಾರ ಮುಚ್ಚಬೇಡಿ, ತುಟಿ ತೆರೆದೇ ಇರಲಿ, ಸ್ವರ ಮೂಗಿನಿಂದ ಬರಲಿ. ‘ತ್ಯು’ ಎಂದು ಬರೆದಲ್ಲಿ ತುಟಿಯನ್ನು ‘ಉ’ ಎನ್ನುವಂತೆ ದುಂಡಗೆ ಮಾಡಿ, ಒಳಗೆ ನಾಲಿಗೆಯಿಂದ ‘ಇ’ ಎನ್ನಿ. ಹಾಗೆಯೇ ಕೂದಲಿಗೆ ಹೇಳುವ ‘ಶ್‌ವೊ’, ಕಣ್ಣುಗಳಿಗೆ ಹೇಳುವ ‘ಯೊ’ ಬಂದಾಗ ತುಟಿ ‘ಒ’ ಆಕಾರದಲ್ಲಿರಲಿ, ಒಳಗಿನ ನಾಲಿಗೆ ‘ಎ’ ಎನ್ನಲಿ. ಕನ್ನಡಿಯ ಮುಂದೆ ನಿಂತು ಹತ್ತು ಸಲ ಮಾಡಿದರೆ ಬರುತ್ತದೆ. ಲಿಪಿ ಇಷ್ಟು ದೂರ ಮಾತ್ರ ಕರೆದೊಯ್ಯಬಲ್ಲದು. ಉಳಿದದ್ದನ್ನು ಫ್ರೆಂಚರ ಬಾಯಿಂದಲೇ ಕೇಳಿ ತಿದ್ದಿಕೊಳ್ಳಿ.

ಈಗ ಕ್ರಿಯಾಪದ. ಕನ್ನಡದಲ್ಲಿ ‘ಅವಳು ಎತ್ತರ’, ‘ಅವರು ಡಾಕ್ಟರು’, ‘ನಾನು ಮೈಸೂರಿನವನು’ ಎನ್ನುತ್ತೇವೆ. ಇವುಗಳಲ್ಲಿ ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ತಿಯಾಗಿದೆ. ಇದು ನಮ್ಮ ಭಾಷೆಯ ಸೊಗಸು, ಮತ್ತು ಫ್ರೆಂಚ್ ಕಲಿಯುವವರು ಎಡವುವ ಮೊದಲ ಕಲ್ಲು. ‘ಎಲ್ ಗ್ರಾಂದ್’ ಎಂದು ಬರೆದು ತರುವವರು ಪ್ರತಿ ತಂಡದಲ್ಲೂ ಇದ್ದಾರೆ. ಫ್ರೆಂಚ್ ವಾಕ್ಯಕ್ಕೆ ಕ್ರಿಯಾಪದ ಬೇಕೇ ಬೇಕು. ‘ಎಲ್ ಎ ಗ್ರಾಂದ್’. ನಡುವಿನ ಆ ಪುಟ್ಟ ‘ಎ’ ಬಿಟ್ಟರೆ ಮನೆಗೆ ತೊಲೆಯೇ ಇಲ್ಲ.

ಈ ಕ್ರಿಯಾಪದದ ಮೂಲರೂಪ ‘ಎತ್ರ್’, ಅಂದರೆ ‘ಇರು’ ಅಥವಾ ‘ಆಗಿರು’. ಝ ಸ್ವಿ, ನಾನು ಆಗಿದ್ದೇನೆ. ತ್ಯು ಎ, ನೀನು ಆಗಿದ್ದೀಯೆ. ಇಲ್ ಎ, ಅವನು. ಎಲ್ ಎ, ಅವಳು. ನೂ ಸೋಮ್, ನಾವು. ವೂಜ಼ೆತ್, ನೀವು. ಇಲ್ ಸೋಂ ಅಥವಾ ಎಲ್ ಸೋಂ, ಅವರು. ಎರಡನೆಯದು ‘ಆವ್ವಾರ್’, ಅಂದರೆ ತನ್ನಲ್ಲಿ ಹೊಂದಿರು. ಝೆ, ತ್ಯು ಆ, ಇಲ್ ಆ, ಎಲ್ ಆ, ನೂಜ಼ಾವೋಂ, ವೂಜ಼ಾವೆ, ಇಲ್ ಜ಼ೋಂ. ಈ ಎರಡನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ. ಬಾಯಿಪಾಠ ಹಳೆಯ ಕಾಲದ ಪದ್ಧತಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಈ ಹದಿನೈದು ರೂಪಗಳ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ಬಾಯಿಪಾಠ ಮಾಡುವಾಗ ಕೊನೆಯ ಜೋಡಿಯ ಹತ್ತಿರ ಸ್ವಲ್ಪ ನಿಲ್ಲಿ. ‘ಇಲ್ ಸೋಂ’ ಎಂದರೆ ಅವರು ಆಗಿದ್ದಾರೆ. ‘ಇಲ್ ಜ಼ೋಂ’ ಎಂದರೆ ಅವರ ಬಳಿ ಇದೆ. ನಡುವಿನ ವ್ಯತ್ಯಾಸ ಸ ಮತ್ತು ಜ಼, ಅಷ್ಟೇ. ಕನ್ನಡದ ಮೂಲ ವರ್ಣಮಾಲೆಯಲ್ಲಿ ಜ಼ ಇಲ್ಲವಾದ್ದರಿಂದ ನಮ್ಮಲ್ಲಿ ಅನೇಕರು ಇದನ್ನು ‘ಜೋಂ’ ಎನ್ನುತ್ತಾರೆ, ಇಲ್ಲವೇ ‘ಸೋಂ’ ಎನ್ನುತ್ತಾರೆ. ‘ಸೋಂ’ ಎಂದರೆ ಅರ್ಥವೇ ಬದಲಾಯಿತು. ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್ಸ್ಸ್’ ಎನ್ನಿ, ನಡುಕ ಇರುವುದಿಲ್ಲ. ನಾಲಿಗೆಯನ್ನು ಅಲ್ಲೇ ಇಟ್ಟು ದುಂಬಿಯಂತೆ ಝೇಂಕರಿಸಿ, ಬೆರಳಿಗೆ ನಡುಕ ತಾಗುತ್ತದೆ. ಅದೇ ಜ಼.

ಯಾವಾಗ ‘ಎತ್ರ್’, ಯಾವಾಗ ‘ಆವ್ವಾರ್’? ಇಲ್ಲಿಯೇ ಕನ್ನಡ ನಮ್ಮ ಕೈ ಹಿಡಿಯುವುದು. ಕನ್ನಡ ವಾಕ್ಯದಲ್ಲಿ ವ್ಯಕ್ತಿಗೆ ಚತುರ್ಥಿ ವಿಭಕ್ತಿ, ಅಂದರೆ ‘ಗೆ’, ‘ಇಗೆ’ ಹತ್ತಿದೆಯೇ ನೋಡಿ. ನನಗೆ ಹಸಿವು: ಝೆ ಫ್ಯಾಂ. ನನಗೆ ಬಾಯಾರಿಕೆ: ಝೆ ಸ್ವಾಫ್. ನನಗೆ ಚಳಿ: ಝೆ ಫ್ರ್ವಾ. ನನಗೆ ನಿದ್ದೆ: ಝೆ ಸೊಮೇಯ್. ಅವನಿಗೆ ಭಯ: ಇಲ್ ಆ ಪರ್. ಅವಳಿಗೆ ಹತ್ತು ವರ್ಷ: ಎಲ್ ಆ ದೀಜ಼ಾಂ. ಅವನಿಗೆ ನೀಲಿ ಕಣ್ಣು: ಇಲ್ ಆ ಲೆಜ಼್ಯೊ ಬ್ಲೊ. ಎಲ್ಲೆಲ್ಲಿ ನಮ್ಮ ‘ಗೆ’ ಇದೆಯೋ ಅಲ್ಲೆಲ್ಲ ಅವರ ‘ಆವ್ವಾರ್’. ಹಸಿವು, ಚಳಿ, ವಯಸ್ಸು ಎಲ್ಲದರಲ್ಲೂ ಇಂಗ್ಲಿಷ್ ‘ಇರು’ ಎನ್ನುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವವರು ಒಂದೊಂದನ್ನೂ ಅಪವಾದವೆಂದು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತಾರೆ. ನಮಗೆ ಅದು ಅಪವಾದವಲ್ಲ, ಮನೆಮಾತಿನ ರೂಢಿ.

ಇದಕ್ಕೊಂದು ಎಲ್ಲೆ ಇದೆ. ‘ನನಗೆ ಖುಷಿ’, ‘ನನಗೆ ಸುಸ್ತು’, ‘ಅವಳಿಗೆ ಮದುವೆ ಆಗಿದೆ’ ಎನ್ನುವಲ್ಲಿ ಫ್ರೆಂಚರು ‘ಎತ್ರ್’ ಬಳಸುತ್ತಾರೆ. ಖುಷಿ, ಸುಸ್ತು, ಮದುವೆಗಳನ್ನು ಅವರು ನಾಮಪದವಾಗಿ ಹೇಳದೆ ಗುಣವಾಚಕವಾಗಿ ಹೇಳುವುದೇ ಇದಕ್ಕೆ ಕಾರಣ. ‘ಝ ಸ್ವಿ ಕೋಂತಾಂ’ ಎಂದರೆ ನಾನು ಸಂತುಷ್ಟ. ‘ಝ ಸ್ವಿ ಫಾತಿಗೆ’ ಎಂದರೆ ನಾನು ದಣಿದವನು. ಫ್ರೆಂಚ್ ಪದ ನಾಮಪದವೋ ಗುಣವಾಚಕವೋ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಸಿಗುತ್ತದೆ. ಹೊಂದುವುದು ವಸ್ತುವನ್ನು, ಆಗಿರುವುದು ಗುಣವನ್ನು.

ವಯಸ್ಸಿನ ವಿಷಯದಲ್ಲಿ ಇನ್ನೊಂದು ಸಣ್ಣ ಎಚ್ಚರಿಕೆ. ನಾವು ‘ಅವಳಿಗೆ ಇಪ್ಪತ್ತು’ ಎಂದು ನಿಲ್ಲಿಸಬಹುದು. ಫ್ರೆಂಚಿನಲ್ಲಿ ‘ಆಂ’, ಅಂದರೆ ವರ್ಷ, ಹೇಳಲೇಬೇಕು. ಎಪ್ಪತ್ತೆರಡಕ್ಕೆ ಅವರು ಹೇಳುವುದು ಅರವತ್ತು-ಹನ್ನೆರಡು, ಎಂಬತ್ತಕ್ಕೆ ನಾಲ್ಕು ಇಪ್ಪತ್ತು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷಿಕರು ಎಪ್ಪತ್ತಕ್ಕೆ ‘ಸೆಪ್ತಾಂತ್’ ಎಂಬ ಸುಲಭದ ಪದ ಇಟ್ಟುಕೊಂಡಿದ್ದಾರೆ. ಅಜ್ಜ ಅಜ್ಜಿಯರನ್ನು ಪರಿಚಯಿಸುವಾಗ ಈ ಲೆಕ್ಕ ಬಂದೇ ಬರುವುದರಿಂದ ಅರವತ್ತರಿಂದ ತೊಂಬತ್ತೊಂಬತ್ತರವರೆಗಿನ ಸಂಖ್ಯೆಗಳನ್ನು ಬೇರೆಯಾಗಿ ಕಲಿತಿಟ್ಟುಕೊಳ್ಳಿ.

ಇನ್ನು ಗುಣವಾಚಕ. ಹೊಸಬರು ಹೆದರುವುದು ಇಲ್ಲಿಯೇ: ಫ್ರೆಂಚ್ ಗುಣವಾಚಕ ಗಂಡಿಗೊಂದು ರೂಪ, ಹೆಣ್ಣಿಗೊಂದು ರೂಪ ತಳೆಯುತ್ತದಂತೆ! ಹೆದರಬೇಡಿ. ನಾವೂ ದಿನವಿಡೀ ಇದನ್ನೇ ಮಾಡುತ್ತೇವೆ. ‘ಅವನು ದೊಡ್ಡವನು, ಅವಳು ದೊಡ್ಡವಳು, ಅವರು ದೊಡ್ಡವರು’. ಇನ್ನೂ ಹತ್ತಿರದ ಉದಾಹರಣೆ ಬೇಕೇ? ಬುದ್ಧಿವಂತ, ಬುದ್ಧಿವಂತೆ. ಶ್ರೀಮಂತ, ಶ್ರೀಮಂತೆ. ಪದದ ಕೊನೆಗೆ ಎಕಾರ ಬಂದರೆ ಹೆಣ್ಣು. ಫ್ರೆಂಚರೂ ಪದದ ಕೊನೆಗೆ ರೋಮನ್ ಲಿಪಿಯ ಇ ಅಕ್ಷರವನ್ನು ಸೇರಿಸಿ ಸ್ತ್ರೀಲಿಂಗ ಮಾಡುತ್ತಾರೆ. ಅಷ್ಟೇ ವ್ಯತ್ಯಾಸ, ಅವರು ಆ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಉಚ್ಚರಿಸದ ಆ ಅಕ್ಷರ ತನ್ನ ಹಿಂದೆ ಮಲಗಿದ್ದ ವ್ಯಂಜನವನ್ನು ಎಬ್ಬಿಸುತ್ತದೆ. ಅವನು ‘ಆ್ಯಂತೆಲಿಝಾಂ’, ಅವಳು ‘ಆ್ಯಂತೆಲಿಝಾಂತ್’. ಅವನು ‘ಗ್ರಾಂ’, ಅವಳು ‘ಗ್ರಾಂದ್’. ಅವನು ‘ಪ್ತಿ’, ಅವಳು ‘ಪ್ತಿತ್’. ಅವನು ವಾಚಾಳಿ, ‘ಬಾವಾರ್’. ಅವಳು ‘ಬಾವಾರ್ದ್’. ಕೊನೆಯ ವ್ಯಂಜನ ಕೇಳಿಸಿದರೆ ಹೆಣ್ಣು, ಕೇಳಿಸದಿದ್ದರೆ ಗಂಡು ಎಂಬುದು ಕಿವಿಗೆ ಮೊದಲ ಗುರುತು. ಎಲ್ಲ ಪದಗಳಿಗೂ ಇದು ಹೊಂದುವುದಿಲ್ಲ, ಆದರೆ ದಿನಬಳಕೆಯ ಬಹಳಷ್ಟು ಪದಗಳಿಗೆ ಹೊಂದುತ್ತದೆ.

ಕೆಲವು ಪದಗಳು ಇನ್ನೂ ಸ್ವಲ್ಪ ಬದಲಾಗುತ್ತವೆ. ಒಳ್ಳೆಯವನು ‘ಬೋಂ’, ಒಳ್ಳೆಯವಳು ‘ಬೊನ್’. ಆಟೋಟದಲ್ಲಿ ಆಸಕ್ತಿ ಇರುವವನು ‘ಸ್ಪೋರ್ತೀಫ್’, ಅಂಥವಳು ‘ಸ್ಪೋರ್ತೀವ್’. ಸುಖಿ ಗಂಡಸು ‘ಅರೊ’, ಹೆಂಗಸು ‘ಅರೋಜ಼್’. ಭಾರತೀಯ ‘ಆ್ಯಂದ್ಯಾಂ’, ಭಾರತೀಯಳು ‘ಆ್ಯಂದ್ಯೆನ್’. ಕೆಲವಕ್ಕೆ ಬದಲಾವಣೆಯೇ ಇಲ್ಲ: ನಾಚಿಕೆ ಸ್ವಭಾವದ ‘ತಿಮೀದ್’, ಶಾಂತ ಸ್ವಭಾವದ ‘ಕಾಲ್ಮ್’, ಎಳೆಯ ಪ್ರಾಯದ ‘ಝನ್’, ನಗಿಸುವ ‘ದ್ರೋಲ್’. ಬಹುವಚನದ ಎಸ್ ಅಕ್ಷರವಂತೂ ಬರೆಯಲಿಕ್ಕೆ ಮಾತ್ರ, ಸಾಮಾನ್ಯವಾಗಿ ಬಾಯಿಗೆ ಬರುವುದಿಲ್ಲ.

ಕನ್ನಡದ ಕೈ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ನಾವು ‘ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ’ ಎನ್ನುತ್ತೇವೆ. ನಾಮಪದದ ಮುಂದೆ ನಿಂತ ಗುಣವಾಚಕ ನಮ್ಮಲ್ಲಿ ಕದಲುವುದಿಲ್ಲ. ಫ್ರೆಂಚಿನಲ್ಲಿ ಎಲ್ಲಿ ನಿಂತರೂ ಲಿಂಗ ವಚನ ಹೊಂದಬೇಕು. ಜೊತೆಗೆ ಮನೆಗೂ ಮೇಜಿಗೂ ಲಿಂಗ ಉಂಟು. ಇದೇ ಕಾರಣಕ್ಕೆ ಗುಣವಾಚಕಗಳನ್ನು ನಾನು ಜನರಿಂದಲೇ ಆರಂಭಿಸುತ್ತೇನೆ. ಅಮ್ಮ ಸ್ತ್ರೀಲಿಂಗ, ಅಪ್ಪ ಪುಲ್ಲಿಂಗ, ಇಲ್ಲಿ ಯಾರೂ ಊಹಿಸಬೇಕಾಗಿಲ್ಲ. ಒಂದೇ ಒಂದು ವಿಚಿತ್ರ ಪದ ನೆನಪಿರಲಿ: ‘ಪೆರ್ಸೊನ್’, ಅಂದರೆ ವ್ಯಕ್ತಿ, ಯಾವಾಗಲೂ ಸ್ತ್ರೀಲಿಂಗ. ಆರಡಿ ಎತ್ತರದ ಪೈಲ್ವಾನನನ್ನು ‘ಪೆರ್ಸೊನ್’ ಎಂದು ಕರೆದರೂ ಅದರ ಗುಣವಾಚಕ ಸ್ತ್ರೀಲಿಂಗದಲ್ಲೇ ಇರಬೇಕು.

ಅಜ್ಜಿ ಎಂಬ ಪದದಲ್ಲೇ ಒಂದು ಹಳೆಯ ಕಥೆ ಇದೆ. ಅಜ್ಜಿಗೆ ಫ್ರೆಂಚಿನಲ್ಲಿ ‘ಗ್ರಾಂಮೇರ್’, ದೊಡ್ಡ ತಾಯಿ. ಮೇಲಿನ ನಿಯಮದ ಪ್ರಕಾರ ‘ಗ್ರಾಂದ್‌ಮೇರ್’ ಆಗಬೇಕಿತ್ತಲ್ಲ ಎಂದು ಚುರುಕಾದ ವಿದ್ಯಾರ್ಥಿಗಳು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಗಂಡು ಹೆಣ್ಣು ಎರಡಕ್ಕೂ ಒಂದೇ ರೂಪ ಇತ್ತು, ಹಳೆಯ ಫ್ರೆಂಚಿನಲ್ಲೂ ಹಾಗೆಯೇ ನಡೆಯಿತು. ಆಮೇಲೆ ಹೆಚ್ಚಿನ ಕಡೆ ಸ್ತ್ರೀರೂಪ ಬಂದರೂ ಅಜ್ಜಿ ಹಳೆಯ ರೂಪವನ್ನು ಬಿಡಲಿಲ್ಲ.

ಗುಣವಾಚಕ ಎಲ್ಲಿ ನಿಲ್ಲಬೇಕು? ನಮ್ಮಲ್ಲಿ ಯಾವಾಗಲೂ ಮುಂದೆ. ಫ್ರೆಂಚಿನಲ್ಲಿ ಹೆಚ್ಚಾಗಿ ಹಿಂದೆ: ‘ಯೂನ್ ಫಾಮ್ ಆ್ಯಂತೆಲಿಝಾಂತ್’, ಅಂದರೆ ಒಬ್ಬ ಹೆಂಗಸು ಬುದ್ಧಿವಂತೆ. ದೊಡ್ಡ, ಚಿಕ್ಕ, ಚೆಂದದ, ಎಳೆಯ, ಮುದಿ, ಒಳ್ಳೆಯ, ಕೆಟ್ಟ ಇಂಥ ದಿನಬಳಕೆಯ ಪುಟ್ಟ ಪದಗಳು ಮಾತ್ರ ಮುಂದೆ ಬರುತ್ತವೆ. ಕೆಲವು ಪದಗಳು ಜಾಗ ಬದಲಿಸಿದರೆ ಅರ್ಥವನ್ನೂ ಬದಲಿಸುತ್ತವೆ. ‘ಅಂನೊಮ್ ಗ್ರಾಂ’ ಎಂದರೆ ಎತ್ತರದ ಮನುಷ್ಯ, ‘ಅಂ ಗ್ರಾಂತೊಮ್’ ಎಂದರೆ ಮಹಾಪುರುಷ. ಇದೂ ನಮಗೆ ಹೊಸದಲ್ಲ. ‘ಅವರು ದೊಡ್ಡ ಮನುಷ್ಯರು’ ಎಂದಾಗ ಯಾರೂ ಎತ್ತರ ಅಳೆಯಲು ಹೋಗುವುದಿಲ್ಲ. 1959ರಿಂದ 1969ರವರೆಗೆ ಫ್ರಾನ್ಸಿನ ಅಧ್ಯಕ್ಷರಾಗಿದ್ದ ಶಾರ್ಲ್ ದ ಗೋಲ್ ಅವರ ಎತ್ತರ 1.96 ಮೀಟರ್. ಅವರಿಗೆ ಎರಡು ಮಾತೂ ಸಲ್ಲುತ್ತವೆ. ಗಣ್ಯರ ಸಮಾಧಿಗಳಿರುವ ಪ್ಯಾರಿಸ್ಸಿನ ಪಾಂತೆಓನ್ ಸ್ಮಾರಕದ ಹೆಬ್ಬಾಗಿಲ ಮೇಲೆ ‘ಮಹಾಪುರುಷರಿಗೆ ಕೃತಜ್ಞ ನಾಡು’ ಎಂಬ ಅರ್ಥದ ಶಾಸನವಿದೆ. ಅಲ್ಲಿರುವುದೂ ಇದೇ ಪದ, ಬಹುವಚನದಲ್ಲಿ. ಆ ಬಾಗಿಲಿನಿಂದ ತನ್ನ ಸ್ವಂತ ಸಾಧನೆಗಾಗಿ ಒಳಗೆ ಹೋದ ಮೊದಲ ಮಹಿಳೆ ಮಾರೀ ಕ್ಯೂರಿ, ಅದೂ 1995ರಲ್ಲಿ. ಹೆಂಗಸರ ಹಿರಿಮೆಯನ್ನು ಹೇಳಲು ‘ಗ್ರಾಂದ್ ದಾಮ್’ ಎನ್ನುತ್ತಾರೆ. ‘ಗ್ರಾಂದ್ ಫಾಮ್’ ಎಂದರೆ ಕೇಳಿದವರು ಮೊದಲು ಎತ್ತರದ ಹೆಂಗಸು ಎಂದೇ ತಿಳಿಯುತ್ತಾರೆ.

ನೀವು ಗಮನಿಸಿರಬಹುದು, ‘ಗ್ರಾಂ’ ಮತ್ತು ‘ಒಮ್’ ಸೇರಿದಾಗ ‘ಗ್ರಾಂತೊಮ್’ ಆಯಿತು. ನಡುವೆ ತಕಾರ ಎಲ್ಲಿಂದ ಬಂತು? ಇಲ್ಲಿ ನಾನು ವಿದ್ಯಾರ್ಥಿಗಳಿಗೆ ಹೈಸ್ಕೂಲಿನ ಕನ್ನಡ ವ್ಯಾಕರಣವನ್ನು ನೆನಪಿಸುತ್ತೇನೆ. ಲೋಪ, ಆಗಮ, ಆದೇಶ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಬಿದ್ದುಹೋಗುತ್ತದೆ. ಹಾಗೆಯೇ ‘ಝ’ ಮತ್ತು ‘ಎ’ ಸೇರಿ ‘ಝೆ’ ಆಗುತ್ತದೆ, ಬಿದ್ದ ಸ್ವರದ ಜಾಗದಲ್ಲಿ ಬರವಣಿಗೆಯಲ್ಲಿ ಒಂದು ಅಪಾಸ್ಟ್ರಫಿ ಗುರುತು ಉಳಿಯುತ್ತದೆ. ಮನೆ ಮತ್ತು ಅನ್ನು ಸೇರಿದಾಗ ನಡುವೆ ಯಕಾರ ಬಂದು ‘ಮನೆಯನ್ನು’ ಆಗುತ್ತದೆ. ‘ನೂ’ ಮತ್ತು ‘ಆವೋಂ’ ಸೇರಿದಾಗ ನಡುವೆ ಜ಼ ಬಂದು ‘ನೂಜ಼ಾವೋಂ’. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ ಆಗುವಾಗ ಕಕಾರ ಗಕಾರವಾಗುತ್ತದೆ. ‘ಗ್ರಾಂ’ ಪದದ ಕೊನೆಯಲ್ಲಿ ಬರೆಯುವ ದಕಾರ ‘ಒಮ್’ ಪದಕ್ಕೆ ತಾಗಿದಾಗ ತಕಾರವಾಗುತ್ತದೆ. ಒಂದು ಭೇದವನ್ನು ಮಾತ್ರ ಹೇಳಲೇಬೇಕು. ನಮ್ಮ ಆಗಮದಲ್ಲಿ ಅಕ್ಷರ ಹೊಸದಾಗಿ ಬರುತ್ತದೆ. ಅವರಲ್ಲಿ ಅದು ಬರವಣಿಗೆಯಲ್ಲಿ ಮೊದಲೇ ಇದ್ದು, ಸ್ವರ ತಾಗಿದಾಗ ಎಚ್ಚರಗೊಳ್ಳುತ್ತದೆ. ಎರಡು ಸ್ವರಗಳು ಡಿಕ್ಕಿ ಹೊಡೆಯದೆ ಮಾತು ಸಲೀಸಾಗಿ ಹರಿಯಬೇಕು ಎಂಬ ಬಯಕೆ ಮಾತ್ರ ಎರಡೂ ಭಾಷೆಗಳದ್ದು. ಚೆಲುವನಿಗೆ ‘ಬೋ’, ಆದರೆ ಚೆಲುವ ಗಂಡಸು ಎನ್ನುವಾಗ ‘ಬೆಲೊಮ್’ ಎನ್ನುವುದೂ ಇದಕ್ಕೇ. ಸಂಧಿ ಓದಿದ್ದು ಯಾವ ಉಪಯೋಗಕ್ಕೆ ಎಂದು ಕೇಳುತ್ತಿದ್ದ ಮಕ್ಕಳ ಮುಖ ಈ ಪಾಠದ ದಿನ ಅರಳುವುದನ್ನು ನಾನು ನೋಡಿದ್ದೇನೆ. ನನಗೆ ಇದಕ್ಕಿಂತ ಇಷ್ಟವಾದ ಪಾಠ ಇನ್ನೊಂದಿಲ್ಲ.

ಗೌರವದ ವಿಷಯಕ್ಕೆ ಬರೋಣ. ‘ತ್ಯು’ ಎಂದರೆ ನೀನು, ‘ವೂ’ ಎಂದರೆ ನೀವು. ಇದು ನಮಗೆ ನೀರು ಕುಡಿದಷ್ಟು ಸುಲಭ. ಆದರೆ ನಾವು ಅಜ್ಜಿಯನ್ನು, ಮೇಷ್ಟರನ್ನು ‘ಅವರು’ ಎನ್ನುತ್ತೇವೆ. ಫ್ರೆಂಚಿನಲ್ಲಿ ಮೂರನೆಯವರಿಗೆ ಗೌರವದ ಬಹುವಚನ ಇಲ್ಲ. ಅಜ್ಜಿ ‘ಎಲ್’, ಅಪ್ಪ ‘ಇಲ್’, ದೇಶದ ಅಧ್ಯಕ್ಷರೂ ‘ಇಲ್’. ಅಜ್ಜಿಯನ್ನು ‘ಅವಳು’ ಎನ್ನಲು ನಾಲಿಗೆ ಹಿಂಜರಿದು ‘ಎಲ್ ಸೋಂ’ ಎಂದುಬಿಟ್ಟರೆ, ಕೇಳುವವರು ಇಬ್ಬರು ಅಜ್ಜಿಯರು ಎಂದುಕೊಳ್ಳುತ್ತಾರೆ. ಹಿಂಜರಿಕೆ ಬೇಡ. ‘ಎಲ್’ ಎನ್ನುವುದರಲ್ಲಿ ಅಗೌರವ ಏನೂ ಇಲ್ಲ, ಆ ಭಾಷೆಯಲ್ಲಿ ಗೌರವ ಬೇರೆ ಜಾಗದಲ್ಲಿ ಕೂರುತ್ತದೆ. ಎದುರಿಗಿದ್ದವರನ್ನು ‘ವೂ’ ಎಂದು ಕರೆಯುವುದರಲ್ಲಿ, ಅಂಗಡಿಗೆ ಕಾಲಿಟ್ಟೊಡನೆ ‘ಬೋಂಝೂರ್ ಮಾದಾಮ್’ ಎನ್ನುವುದರಲ್ಲಿ.

ಬಣ್ಣದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬರು ಹೇಗಿದ್ದಾರೆ ಎಂದು ಕೇಳಿದರೆ ನಮ್ಮಲ್ಲಿ ಮೊದಲು ಬರುವ ಉತ್ತರ ಬೆಳ್ಳಗಿದ್ದಾರೆ, ಕಪ್ಪಗಿದ್ದಾರೆ, ಎಣ್ಣೆಗೆಂಪು ಎಂದು. ಫ್ರೆಂಚರು ಸಾಮಾನ್ಯವಾಗಿ ಕೂದಲು ಮತ್ತು ಕಣ್ಣಿನಿಂದ ಆರಂಭಿಸುತ್ತಾರೆ. ಅವರಲ್ಲಿ ಅವು ಮನುಷ್ಯರಿಂದ ಮನುಷ್ಯರಿಗೆ ಬಹಳ ಬದಲಾಗುತ್ತವೆ. ಫ್ರಾನ್ಸಿನ ಪಾಸ್‌ಪೋರ್ಟಿನಲ್ಲಿ ಎತ್ತರದ ಜೊತೆಗೆ ಕಣ್ಣಿನ ಬಣ್ಣವನ್ನೂ ಮುದ್ರಿಸುತ್ತಾರೆ. ‘ಇಲ್ ಎ ಬ್ರಂ’ ಎಂದು ಕೇಳಿದಾಗ ನಮ್ಮವರು ಅವನ ಮೈಬಣ್ಣ ಕಂದು ಎಂದು ತಿಳಿಯುತ್ತಾರೆ. ಅದರ ಅರ್ಥ ಅವನ ಕೂದಲು ಗಾಢ ಬಣ್ಣದ್ದು ಎಂದು. ‘ಎಲ್ ಎ ಬ್ಲೋಂದ್’ ಎಂದರೆ ಹೊಂಬಣ್ಣದ ಕೂದಲಿನವಳು, ‘ಎಲ್ ಎ ರೂಸ್’ ಎಂದರೆ ಕೆಂಚುಗೂದಲಿನವಳು. ನಮ್ಮ ಕಣ್ಣನ್ನು ನಾವು ಕಪ್ಪು ಎನ್ನುತ್ತೇವೆ, ಅವರ ಲೆಕ್ಕದಲ್ಲಿ ಅದು ಹೆಚ್ಚಾಗಿ ‘ಮಾರೋಂ’. ಮಾರೋಂ ಎನ್ನುವುದು ಚೆಸ್ಟ್‌ನಟ್ ಕಾಯಿಯ ಹೆಸರು. ವಸ್ತುವಿನ ಹೆಸರಿನಿಂದ ಬಂದ ಬಣ್ಣವಾದ್ದರಿಂದ ಅದು ಲಿಂಗ ವಚನಗಳಿಗೆ ಬದಲಾಗದೆ ಹಾಗೇ ನಿಲ್ಲುತ್ತದೆ. ಕೂದಲಿಗೆ ಅವರು ಬಹುವಚನ ಹಚ್ಚುತ್ತಾರೆ: ‘ಲೆ ಶ್‌ವೊ ನ್ವಾರ್’, ಕಪ್ಪು ಕೂದಲುಗಳು. ಏಕವಚನದಲ್ಲಿ ಹೇಳಿದರೆ ತಲೆಯಲ್ಲಿ ಒಂದೇ ಎಳೆ ಇದೆ ಎಂದಾಗುತ್ತದೆ.

ಮೈಬಣ್ಣ ಹೇಳಲೇಬೇಕಾದರೆ ‘ಲಾ ಪೋ ಮಾತ್’ ಎಂಬ ಮಾತಿದೆ, ಎಣ್ಣೆಗೆಂಪಿಗೆ ಹತ್ತಿರ. ಆದರೆ ಅಜ್ಜಿಯ ಪರಿಚಯವನ್ನು ಮೈಬಣ್ಣದಿಂದ ಆರಂಭಿಸಬೇಡಿ ಎಂದು ನಾನು ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ. ಹೊಸ ಭಾಷೆಯಲ್ಲಿ ಆ ಅಭ್ಯಾಸ ಬಿಡುವುದು ಸುಲಭ. ದಪ್ಪ ಎನ್ನುವ ಮಾತಿಗೂ ಇದೇ ಎಚ್ಚರ ಬೇಕು. ನಮ್ಮ ಮನೆಗಳಲ್ಲಿ ‘ಅಮ್ಮ ಸ್ವಲ್ಪ ದಪ್ಪ’ ಎನ್ನುವುದರಲ್ಲಿ ಪ್ರೀತಿಯೇ ಇರುತ್ತದೆ. ಅದನ್ನು ‘ಎಲ್ ಎ ಗ್ರೋಸ್’ ಎಂದು ಇಳಿಸಿದರೆ ಒರಟಾಗಿ ಕೇಳುತ್ತದೆ. ಗೊಸಿನ್ನಿ ಮತ್ತು ಯುದೆರ್ಜೊ 1959ರಲ್ಲಿ ಸೃಷ್ಟಿಸಿದ ಆಸ್ಟೆರಿಕ್ಸ್ ಚಿತ್ರಕಥೆಗಳ ಒಬೆಲಿಕ್ಸ್, ಅಷ್ಟು ದೊಡ್ಡ ಹೊಟ್ಟೆಯವನು, ಯಾರಾದರೂ ತನ್ನನ್ನು ‘ಗ್ರೋ’ ಎಂದರೆ ಕೆರಳುತ್ತಾನೆ. ‘ಅಂ ಪೊ’ ಎಂದರೆ ಸ್ವಲ್ಪ, ‘ಪಾ ತ್ರೆ’ ಎಂದರೆ ಅಷ್ಟೇನೂ ಅಲ್ಲ. ಇವೆರಡನ್ನೂ ಜೇಬಿನಲ್ಲಿಟ್ಟುಕೊಳ್ಳಿ. ‘ಇಲ್ ನೆ ಪಾ ತ್ರೆ ಗ್ರಾಂ’, ಅವನು ಅಷ್ಟೇನೂ ಎತ್ತರ ಇಲ್ಲ. ಕುಳ್ಳ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಈಗ ಇದೆಲ್ಲವನ್ನೂ ಒಂದು ಮುಖದ ಮೇಲೆ ಇಟ್ಟು ನೋಡೋಣ. ಎಲ್ಲರಿಗೂ ಗೊತ್ತಿರುವ ಮುಖವೇ ಇರಲಿ: ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಮೋನಾಲಿಸಾ. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಹಲಗೆ ಅದು, ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಷ್ಟು. ಫ್ರೆಂಚರು ಅದನ್ನು ‘ಲಾ ಝೊಕೋಂದ್’ ಎನ್ನುತ್ತಾರೆ. ಆಕೆಯ ಗಂಡ ಫ್ಲಾರೆನ್ಸಿನ ವ್ಯಾಪಾರಿ, ಮನೆತನದ ಹೆಸರು ಜೊಕೊಂದೊ. ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ನಲಿವಿನವನು ಎಂಬ ಅರ್ಥವೂ ಇದೆ. ಅದರ ಸ್ತ್ರೀರೂಪವೇ ಚಿತ್ರದ ಹೆಸರು. ಚಿತ್ರದ ಹೆಸರಿನಲ್ಲೇ ಒಂದು ಗುಣವಾಚಕ ಲಿಂಗ ಬದಲಿಸಿ ಕೂತಿದೆ.

‘ಸೆತ್ಯೂನ್ ಫಾಮ್.’ ಇವರು ಒಬ್ಬ ಹೆಂಗಸು. ಯಾರು ಎಂದು ಮೊದಲ ಬಾರಿಗೆ ತೋರಿಸುವಾಗ ‘ಸೆ’, ಆಮೇಲೆ ಗುಣ ಹೇಳುವಾಗ ‘ಎಲ್ ಎ’. ‘ಎಲ್ ಎ ಝನ್.’ ಆಕೆ ಎಳೆಯ ಪ್ರಾಯದವಳು. ಲೀಸಾ ಗೆರಾರ್ದಿನಿ ಹುಟ್ಟಿದ್ದು 1479ರಲ್ಲಿ, ಲಿಯೊನಾರ್ಡೊ ಈ ಚಿತ್ರ ಆರಂಭಿಸಿದ್ದು 1503ರ ಸುಮಾರಿಗೆ. ಹಾಗಾಗಿ ‘ಎಲ್ ಆ ವ್ಯಾಂತ್‌ಕಾತ್ರಾಂ’, ಆಕೆಗೆ ಸುಮಾರು ಇಪ್ಪತ್ನಾಲ್ಕು ವರ್ಷ. ‘ಎಲ್ ಎತ್ ಆಸೀಜ಼್.’ ಆಕೆ ಕುಳಿತಿದ್ದಾಳೆ. ಗಂಡಸಾಗಿದ್ದರೆ ‘ಆಸಿ’ ಎಂದು ನಿಲ್ಲುತ್ತಿತ್ತು, ಇಲ್ಲಿ ಕೊನೆಯ ಜ಼ ಎದ್ದಿದೆ. ‘ಎಲ್ ಆ ಲೆ ಶ್‌ವೊ ಲೋಂ ಎ ಬ್ರಂ.’ ಉದ್ದನೆಯ ಗಾಢ ಕೂದಲು. ‘ಎಲ್ ನಾ ಪಾ ದ ಸೂರ್ಸಿ.’ ಆಕೆಗೆ ಹುಬ್ಬುಗಳಿಲ್ಲ. ಚಿತ್ರವನ್ನು ಹತ್ತಿರದಿಂದ ನೋಡಿ, ನಿಜವಾಗಿಯೂ ಕಾಣುವುದಿಲ್ಲ. ‘ಇಲ್ಲ’ ಎನ್ನುವಾಗ ಕ್ರಿಯಾಪದದ ಎರಡೂ ಪಕ್ಕದಲ್ಲಿ ‘ನ’ ಮತ್ತು ‘ಪಾ’ ಬಂದು ನಿಲ್ಲುತ್ತವೆ, ಇಲ್ಲದ ವಸ್ತುವಿನ ಮುಂದೆ ‘ದ’ ಬರುತ್ತದೆ.

‘ಎಲ್ ಪೋರ್ತ್ ಯೂನ್ ರೋಬ್ ಸೋಂಬ್ರ್.’ ಆಕೆ ಗಾಢ ಬಣ್ಣದ ಉಡುಪು ಧರಿಸಿದ್ದಾಳೆ. ಇದು ನಮ್ಮ ಮೂರನೆಯ ಕ್ರಿಯಾಪದ ‘ಪೋರ್ತೆ’, ಧರಿಸು. ಬಟ್ಟೆ, ಕನ್ನಡಕ, ಮೀಸೆ, ಗಡ್ಡ ಎಲ್ಲಕ್ಕೂ ನಡೆಯುತ್ತದೆ. ನಾನು, ನೀನು, ಅವನು, ಅವರು ನಾಲ್ಕಕ್ಕೂ ಉಚ್ಚಾರ ‘ಪೋರ್ತ್’ ಒಂದೇ, ಬರವಣಿಗೆಯಲ್ಲಿ ಮಾತ್ರ ‘ನೀನು’, ‘ಅವರು’ ಬಂದಾಗ ಬಾಲ ಬೇರೆ. ಇದನ್ನು ಕಲಿತರೆ ಇಷ್ಟಪಡು, ವಾಸಿಸು, ಕೆಲಸ ಮಾಡು, ಹಾಡು ಎಂಬ ಅರ್ಥದ ಎಷ್ಟೋ ಕ್ರಿಯಾಪದಗಳು ಇದೇ ಅಚ್ಚಿನಲ್ಲಿ ಬರುತ್ತವೆ. ಕೊನೆಗೆ, ‘ಎಲ್ ಸೂರೀ ಅಂ ಪೊ.’ ಆಕೆ ಸ್ವಲ್ಪ ನಗುತ್ತಿದ್ದಾಳೆ. ಇಷ್ಟು ಹೇಳಿದರೆ ಲೂವ್ರಿನ ಆ ಮುಖ ಕೇಳುವವರ ಕಣ್ಣ ಮುಂದೆ ನಿಲ್ಲುತ್ತದೆ, ಬಳಸಿದ್ದು ಇಪ್ಪತ್ತು ಇಪ್ಪತ್ತೈದು ಬೇರೆ ಬೇರೆ ಪದ.

ಅಜ್ಜಿಗೆ ಎಪ್ಪತ್ತೆರಡು ಎಂದ ಹುಡುಗಿ ಮರುವಾರ ತಿದ್ದಿ ತಂದ ಪರಿಚಯ ನನ್ನ ಬಳಿ ಈಗಲೂ ಇದೆ. ‘ಸೆ ಮಾ ಗ್ರಾಂಮೇರ್. ಎಲ್ ಆ ಸ್ವಾಸಾಂತ್ ದೂಜ಼ಾಂ. ಎಲ್ ಎ ಪ್ತಿತ್ ಎ ಬಾವಾರ್ದ್. ಎಲ್ ಆ ಲೆ ಶ್‌ವೊ ಬ್ಲಾಂ. ಎಲ್ ಪೋರ್ತ್ ಅಂ ಸಾರೀ ವೇರ್. ಎಲ್ ಶಾಂತ್ ಲ ಮಾತ್ಯಾಂ.’ ಇವರು ನನ್ನ ಅಜ್ಜಿ, ಎಪ್ಪತ್ತೆರಡು ವರ್ಷ, ಕುಳ್ಳಗಿದ್ದಾರೆ, ಬಹಳ ಮಾತು, ಬಿಳಿ ಕೂದಲು, ಹಸಿರು ಸೀರೆ, ಬೆಳಿಗ್ಗೆ ಹಾಡುತ್ತಾರೆ. ಸೀರೆಗೆ ಫ್ರೆಂಚಿನಲ್ಲೂ ‘ಸಾರೀ’ ಎಂದೇ ಹೆಸರು, ಅದು ಅಲ್ಲಿ ಪುಲ್ಲಿಂಗ. ಆದ್ದರಿಂದ ಹಸಿರು ‘ವೇರ್ತ್’ ಆಗದೆ ‘ವೇರ್’ ಆಗಿದೆ. ಹುಡುಗಿ ಅದನ್ನೂ ನಿಘಂಟಿನಲ್ಲಿ ನೋಡಿಕೊಂಡು ಬಂದಿದ್ದಳು.

ಇವತ್ತು ರಾತ್ರಿ ಊಟವಾದ ಮೇಲೆ ನೀವೂ ಮನೆಯ ಒಬ್ಬರ ಎದುರು ಕುಳಿತು ಆರು ವಾಕ್ಯ ಬರೆಯಿರಿ. ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ, ‘ಗೆ’ ಎಲ್ಲೆಲ್ಲಿ ಬಂತು ಎಂದು ಗುರುತು ಹಾಕಿ, ಆಮೇಲೆ ಫ್ರೆಂಚಿಗೆ ಬನ್ನಿ. ಬರೆದದ್ದನ್ನು ಅವರಿಗೇ ಗಟ್ಟಿಯಾಗಿ ಓದಿ ಹೇಳಿ, ಪ್ರತಿ ವಾಕ್ಯದ ಅರ್ಥವನ್ನೂ ಅವರಿಗೆ ತಿಳಿಸಿ.